ಬರಬೇಡಿ ಎಂದು ಅವರು ಹೇಳಿರಲಿಲ್ಲ

ಎಸ್ತೇರಳ ಅತ್ತೆ ನಮ್ಮನ್ನು ಮನೆಗೆ ಬರಬೇಡಿ ಎಂದು ಹೇಳಿರಲೇ ಇಲ್ಲ. ಹಾಗೆ ಹೇಳಿದ್ದಾರೆಂದು ಸುಳ್ಳು ಹೇಳಿದವಳು ನಾನು — ಸುಗುಣ, ದೆಹಲಿಯ ಜನಕಪುರಿಯ ಸುಗುಣಕ್ಕ, ಕ್ಷಮೆಯ ಬಗ್ಗೆ ಸಾಕ್ಷಿ ಹೇಳುವುದರಲ್ಲಿ ಎತ್ತಿದ ಕೈ ಎಂದು ನಮ್ಮ ಪ್ರಾರ್ಥನಾ ಕೂಟದವರೆಲ್ಲ ಹೊಗಳುತ್ತಿದ್ದ ಅದೇ ಸುಗುಣಕ್ಕ. ಆ ಹೆಂಗಸು ಅವತ್ತು ಬೆಳಗಿನಿಂದ ಒಲೆಯ ಮುಂದೆ ನಿಂತು ನಮಗಾಗಿ ಕರ್ಜಿಕಾಯಿ ಕರಿದಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಅಬ್ಬ, ಹೇಳಿಬಿಟ್ಟೆ. ಇನ್ನು ನಿಧಾನವಾಗಿ ಹೇಳುತ್ತೇನೆ. ನಾನು ಉಡುಪಿ ಕಡೆಯವಳು, ಒಂದು ಮಾತಿಗೆ ಹತ್ತು ಮಾತು ಸುತ್ತುವವಳು — ಸ್ವಲ್ಪ ಸಹಿಸಿಕೊಳ್ಳಿ ಮಾರಾಯ್ರೆ.

ದೆಹಲಿಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಕ್ರೈಸ್ತರು ಎಷ್ಟು ಮಂದಿ ಇದ್ದಾರು? ಸರ್ಕಾರಿ ಕಚೇರಿಯ ಗುಮಾಸ್ತರು, ಹೌಜ್ ಖಾಸಿನಲ್ಲಿ ಓದುವ ಹುಡುಗರು, ನೋಯ್ಡಾದ ಕಂಪ್ಯೂಟರ್ ಕೆಲಸದ ಮಕ್ಕಳು — ಎಲ್ಲರೂ ಸೇರಿದರೂ ಒಂದು ಹಾಲ್ ತುಂಬುತ್ತಿರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಹಿಂದಿಯಲ್ಲಿ ತರಕಾರಿ ಕೊಳ್ಳಬಹುದು, ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಹುದು. ದೇವರ ಹತ್ತಿರ ಅಳುವುದಕ್ಕೆ ಮಾತ್ರ ಅಮ್ಮನ ಭಾಷೆಯೇ ಬೇಕು. ಹಾಗೆ ಹೇಳುತ್ತಿದ್ದವರು ನಮ್ಮ ಕೂಟದ ಹಿರಿಯರಾದ ಕರುಣಾಕರ ಅಂಕಲ್. ಅದು ನಿಜವೂ ಹೌದು.

ಆ ಕೂಟಕ್ಕೆ ಶಿವಮೊಗ್ಗದ ಹುಡುಗಿ ಎಸ್ತೇರ್ ಬಂದಳು. ನೋಯ್ಡಾದಲ್ಲಿ ಕೆಲಸ. ಧಾರವಾಡದ ಗಿರೀಶ ಎಂಬ ಹಿಂದೂ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಬಾಯಿ ಜೋರು, ನಗು ಇನ್ನೂ ಜೋರು. ಅವಳು ಬಂದ ಮೇಲೆ ಕೂಟಕ್ಕೆ ಒಂದು ಕಳೆ ಬಂತು, ಸುಳ್ಳು ಹೇಳಬಾರದು. ನನ್ನನ್ನು 'ಅಕ್ಕಾ, ಅಕ್ಕಾ' ಎಂದು ಹಿಂದೆಯೇ ಸುತ್ತುತ್ತಿದ್ದಳು. ನನಗೂ ಅವಳೆಂದರೆ ಪ್ರೀತಿಯೇ.

ನಮ್ಮಲ್ಲಿ ಬೆಳೆಹಬ್ಬ ಎಂದು ಒಂದಿದೆ. ಊರಲ್ಲಾದರೆ ಹೊಸ ಬೆಳೆಯನ್ನು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ಹಾಕುತ್ತಾರೆ. ದೆಹಲಿಯಲ್ಲಿ ಎಂಥ ಬೆಳೆ? ಬಾಲ್ಕನಿ ಕುಂಡದ ಕರಿಬೇವು! ಅದಕ್ಕೇ ನಾವು ಹೆಂಗಸರು ಮನೆಯಲ್ಲಿ ಮಾಡಿದ ತಿಂಡಿ ತಂದಿಡುತ್ತಿದ್ದೆವು. ಆ ವರ್ಷ ನಾನು ಕೇಕ್ ಮಾಡಿದ್ದೆ. ನನ್ನ ಓವನ್ ಕೈಕೊಟ್ಟಿತ್ತು, ಕೇಕ್ ಸ್ವಲ್ಪ ಗಟ್ಟಿಯಾಗಿತ್ತು — ಸರಿ, ಸ್ವಲ್ಪವಲ್ಲ. ಏಲಂ ಕೂಗುತ್ತಿದ್ದವಳು ಎಸ್ತೇರ್. ಕೇಕನ್ನು ಮೇಜಿಗೆ ಟಕ್ ಟಕ್ ಎಂದು ಬಡಿದು ತೋರಿಸಿ, "ಕೇಳಿ, ಕೇಳಿ! ಸುಗುಣಕ್ಕನ ಕೈಯ ಕೇಕು! ತಗೊಂಡವರಿಗೆ ಹಲ್ಲಿನ ಡಾಕ್ಟರ ವಿಳಾಸ ಫ್ರೀ!" ಎಂದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಗಂಡ ದಾನಿಯೇಲ್ ಎಲ್ಲರಿಗಿಂತ ಹೆಚ್ಚು ನಕ್ಕರು; ಅವರ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ಒಳಗೆ ಏನೋ ಸುಟ್ಟ ಹಾಗಾಯಿತು — ಆ ಸುಡುವಿಕೆ ನನಗೆ ಹೊಸದಲ್ಲ.

ಅಮ್ಮ ತೀರಿಕೊಂಡಾಗ ನಾನು ಚಿಕ್ಕವಳು. ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ. ಒಂದು ಸಲ, ಯಾರೂ ಹೇಳದೆಯೇ, ಮನೆಗೆ ಬಂದ ನೆಂಟರಿಗೆಂದು ಪಾಯಸ ಮಾಡಿದೆ. ಬೆಲ್ಲ ತಳ ಹಿಡಿದಿತ್ತು. ಚಿಕ್ಕಮ್ಮ ಒಂದು ಚಮಚ ಬಾಯಿಗಿಟ್ಟು, ಎಲ್ಲರೂ ನೋಡುತ್ತಿದ್ದಂತೆ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ದನದ ಬಾನಿಗೆ ಸುರಿದರು. "ತಾಯಿ ಇಲ್ಲದವಳ ಕೈ, ಇನ್ನೇನಾದೀತು" ಎಂದರು. ನೆಂಟರು ನಕ್ಕರು. ಬೆಳೆದು, ಮದುವೆಯಾಗಿ, ದೆಹಲಿಗೆ ಬಂದು ಸಂಸಾರ ಹೂಡಿದರೂ, ನಾನು ಮಾಡಿದ್ದನ್ನು ಯಾರಾದರೂ ಬಾಯಿಗಿಡುವಾಗ ನನ್ನ ಕೈ ತಣ್ಣಗಾಗುತ್ತಿತ್ತು.

ಇದನ್ನು ಎಸ್ತೇರ್ ಹೇಗೆ ತಿಳಿದಾಳು? ನಾನು ಯಾರಿಗೂ ಹೇಳಿದವಳಲ್ಲ. ತಮಾಷೆ ಮಾಡಿದಳು, ಮರೆತಳು. ನಾನು ಮರೆಯಲಿಲ್ಲ. ಮುಖದಲ್ಲಿ ನಗು, ಹೊಟ್ಟೆಯಲ್ಲಿ ಕಿಚ್ಚು — ಡಿಸೆಂಬರಿನ ತನಕ ಹಾಗೇ ಇಟ್ಟುಕೊಂಡೆ.

ಡಿಸೆಂಬರಿನಲ್ಲಿ ಕ್ರಿಸ್ಮಸ್ ಹಾಡುಗಳ ನಮ್ಮ ಕ್ಯಾರಲ್ ಸುತ್ತು. ಒಂದು ಮಿನಿಬಸ್ಸು ಗೊತ್ತುಮಾಡಿ, ಮಧ್ಯಾಹ್ನ ಜನಕಪುರಿಯಿಂದ ಹೊರಟು, ಮನೆಮನೆಗೆ ಹೋಗಿ ಹಾಡಿ, ಪ್ರಾರ್ಥಿಸಿ, ತಿಂಡಿ ತಿಂದು ಮುಂದಕ್ಕೆ ಹೋಗುವುದು. ಡ್ರೈವರ್ ಭಯ್ಯಾನ ಪಕ್ಕ ಮೊಬೈಲ್ ಹಿಡಿದು ಕೂರುವವಳು ನಾನು. ಒಂದು ಮನೆಯಿಂದ ಹೊರಟ ಕೂಡಲೇ ಮುಂದಿನ ಮನೆಗೆ ಫೋನ್ ಮಾಡಿ "ಹೊರಟಿದ್ದೇವೆ, ಚಹಾ ಇಡಿ" ಎನ್ನುವುದು ನನ್ನ ಕೆಲಸ. ಆ ವರ್ಷ ಕೊನೆಯ ಮನೆ ನೋಯ್ಡಾದ ಎಸ್ತೇರಳದು; ಆಗ ಅವಳ ಮಡಿಲಲ್ಲಿ ಕೈಕೂಸು. ಅವಳು ಒಂದು ವಾರದಿಂದ ಫೋನ್ ಮಾಡಿ ಮಾಡಿ ನನ್ನ ಕಿವಿ ತೂತು ಮಾಡಿದ್ದಳು. "ಅಕ್ಕಾ, ಅತ್ತೆ ಒಪ್ಪಿದ್ದಾರೆ! ನಮ್ಮ ಮನೆಗೆ ಮೊದಲ ಸಲ ಕ್ಯಾರಲ್! ಬಾಗಿಲಿಗೆ ನಕ್ಷತ್ರ ಕಟ್ಟಿದ್ದು ಯಾರು ಗೊತ್ತಾ? ಗಿರೀಶನೇ! ಅತ್ತೆ ಕರ್ಜಿಕಾಯಿ ಮಾಡ್ತಾರಂತೆ, ಯಾರೂ ಹೊಟ್ಟೆ ತುಂಬಿಸ್ಕೊಂಡು ಬರಬೇಡಿ ಅಂತ ಹೇಳಿ ಅಕ್ಕಾ."

ಮದುವೆಯಾಗಿ ಬಂದ ಮನೆಯಲ್ಲಿ ತನ್ನ ದೇವರ ಹಾಡು ಮೊದಲ ಸಲ ಕೇಳಿಸಬೇಕು — ಆ ಹುಡುಗಿಗೆ ಅದು ಎಷ್ಟು ದೊಡ್ಡದು! ನನಗೆ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅಲ್ಲವೇ, ಪೆಟ್ಟು ಅಲ್ಲಿಗೇ ಹಾಕಿದ್ದು...

ಮಯೂರ ವಿಹಾರದ ಮನೆಯಿಂದ ಹೊರಟಾಗ ಕತ್ತಲಾಗಿತ್ತು, ಮಂಜು ಇಳಿದಿತ್ತು. ಹಿಂದಿನ ಸೀಟಿನಿಂದ ಯಾರೋ "ಸುಗುಣಕ್ಕಾ, ಎಸ್ತೇರಳಿಗೆ ಫೋನ್ ಮಾಡಿ" ಎಂದರು. ಮೊಬೈಲ್ ಕಿವಿಗಿಟ್ಟೆ. ಯಾವ ನಂಬರೂ ಒತ್ತಲಿಲ್ಲ. "ಹಲೋ... ಹಾಂ... ಅಚ್ಛಾ... ಅಯ್ಯೋ, ಇರಲಿ ಬಿಡು ಮಗಾ" ಎಂದು ನಾಟಕವಾಡಿದೆ. ಆಮೇಲೆ ಹಿಂದಕ್ಕೆ ತಿರುಗಿ ಹೇಳಿದೆ:

"ಅವಳ ಅತ್ತೆ ಒಪ್ಪುತ್ತಿಲ್ಲವಂತೆ. ಬರುವುದು ಬೇಡವಂತೆ."

ಒಬ್ಬರೂ ಅನುಮಾನಪಡಲಿಲ್ಲ! ಹಿಂದೂ ಮನೆ, ಅತ್ತೆ — ಅಷ್ಟು ಸಾಕಾಯಿತು, ಉಳಿದದ್ದನ್ನು ಅವರವರೇ ತುಂಬಿಕೊಂಡರು. ಕರುಣಾಕರ ಅಂಕಲ್ ಮಫ್ಲರ್ ಬಿಚ್ಚಿ, ಎದ್ದು ನಿಂತು, ಓಡುವ ಬಸ್ಸಿನಲ್ಲೇ ಪ್ರಾರ್ಥನೆ ಶುರುಮಾಡಿದರು. "ಕರ್ತನೇ, ಆ ತಾಯಿಯ ಕಲ್ಲು ಹೃದಯವನ್ನು ಕರಗಿಸು..." ಎಲ್ಲರೂ ಆಮೆನ್ ಎಂದರು. ನಾನೂ ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಕಣ್ಣು ಮುಚ್ಚಿಕೊಂಡೇ ಎಂದೆ. ಬಸ್ಸು ತಿರುಗಿತು. ಯಮುನೆಯ ಸೇತುವೆ ದಾಟುವಾಗ ಮೊಬೈಲ್ ರಿಂಗಾಯಿತು — ಎಸ್ತೇರ್. ಮೊಬೈಲನ್ನೇ ಆಫ್ ಮಾಡಿಬಿಟ್ಟೆ.

ಮರುದಿನ ಅವಳು ಕೇಳಿದಾಗ ಎರಡನೆಯ ಸುಳ್ಳು. "ಎಲ್ಲರಿಗೂ ಸುಸ್ತಾಗಿತ್ತು ಎಸ್ತೇರ್. ಮತ್ತೆ... ನಿನ್ನ ಮನೆಗೆ ಬರಲು ಕೆಲವರಿಗೆ ಅಷ್ಟು ಮನಸ್ಸಿರಲಿಲ್ಲ." ಆ 'ಮತ್ತೆ'ಯ ನಂತರ ನಾನು ಸ್ವಲ್ಪ ನಿಲ್ಲಿಸಿದ್ದೆ — ತೂಗಿ ನಿಲ್ಲಿಸಿದ್ದೆ. ಅವಳು ಫೋನ್ ಇಟ್ಟಳು. ಕೂಟಕ್ಕೆ ಬರುವುದನ್ನು ಬಿಟ್ಟಳು.

ಕೂಟದವರು ಅವಳನ್ನು ಮಾತಾಡಿಸಲು ಹೊರಟರೆ ನಾನೇ ತಡೆದೆ: "ಬೇಡ, ಫೋನ್ ಮಾಡಿದರೆ ಆ ಹುಡುಗಿಗೆ ಮನೆಯಲ್ಲಿ ಕಷ್ಟ." ಆಹಾ, ಎಂಥ ಕಾಳಜಿ! ಹೀಗೆ ಐದು ವರ್ಷ, ಪ್ರತಿ ತಿಂಗಳೂ, ರೋಗಿಗಳಿಗೆ ಮತ್ತು ಪರೀಕ್ಷೆ ಬರೆಯುವ ಮಕ್ಕಳಿಗೆ ಪ್ರಾರ್ಥಿಸಿದ ಮೇಲೆ ನಾವು ನೋಯ್ಡಾದ ಆ ಅತ್ತೆಯ ಹೃದಯ ಕರಗಲೆಂದು ತಪ್ಪದೆ ಪ್ರಾರ್ಥಿಸಿದೆವು.

ಇನ್ನು ಹೇಳಲು ಕಷ್ಟವಾಗುವ ಭಾಗ. ಆ ನಡುವೆ ನಾನು ನಿಜವಾಗಿಯೂ ವಾಸಿಯಾದೆ. ಒಂದು ಉಪವಾಸದ ದಿನ ಕೂಟದಲ್ಲಿ ಮೊಣಕಾಲೂರಿದ್ದಾಗ ಚಿಕ್ಕಮ್ಮನ ಮುಖ ಕಣ್ಣ ಮುಂದೆ ಬಂತು. ಮೊದಲ ಸಲ ಅವರು ನನಗೆ ಒಬ್ಬ ದಣಿದ ಹೆಂಗಸಿನ ಹಾಗೆ ಕಂಡರು — ತನ್ನ ಮಕ್ಕಳೇ ನಾಲ್ಕು, ಮೇಲೆ ಅಕ್ಕನ ಮಗಳೊಬ್ಬಳು. ಅಳು ಬಂತು. ಅತ್ತು ಅತ್ತು ಹಗುರಾದೆ. ಊರಿಗೆ ಫೋನ್ ಮಾಡಿ ಚಿಕ್ಕಮ್ಮನೊಡನೆ ಒಂದು ಗಂಟೆ ಹರಟಿದೆ, ಅವರಿಗೆ ಕಾರಣವೇ ತಿಳಿಯಲಿಲ್ಲ, "ಎಂಥದು ಹೆಣ್ಣೇ, ಎಸ್‌ಟಿಡಿ ಬಿಲ್ಲು ಬರುವುದಿಲ್ಲವಾ?" ಎಂದರು. ಆ ಸಂತೋಷ ಸುಳ್ಳಲ್ಲ. ಅದು ದೇವರು ಕೊಟ್ಟದ್ದು, ಇವತ್ತಿಗೂ ನನ್ನ ಹತ್ತಿರ ಇದೆ.

ಆದರೆ ನಾನು ಅಲ್ಲಿಗೆ ನಿಲ್ಲಿಸಲಿಲ್ಲವಲ್ಲ. ಸಾಕ್ಷಿ ಹೇಳತೊಡಗಿದೆ — ದೇವರು ನನ್ನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳುವುದು. "ಚಿಕ್ಕಮ್ಮನನ್ನು ಕ್ಷಮಿಸಿದೆ. ನನ್ನನ್ನು ಎಲ್ಲರ ಮುಂದೆ ನಗೆಪಾಟಲು ಮಾಡಿದ ಒಬ್ಬ ತಂಗಿಯನ್ನೂ ಕ್ಷಮಿಸಿದೆ" — ಹೆಸರು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಾಗುವಷ್ಟು ಮಾತ್ರ ಹೇಳುತ್ತಿದ್ದೆ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಬೇರೆ ಕೂಟಗಳಿಂದಲೂ ಕರೆ ಬಂತು. ಹೌಜ್ ಖಾಸ್, ಗುರಗಾಂವ್, ಒಮ್ಮೆ ಮೀರತ್ತಿಗೂ ಹೋಗಿಬಂದೆ. ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ ನನ್ನ ಕ್ಷಮೆಯನ್ನು ಬಡಿಸಿ ಬರುತ್ತಿದ್ದೆ. ಅಯ್ಯೋ ದೇವರೇ, ನೆನೆದರೆ ಈಗ ನಗು ಬರುತ್ತದೆ, ನಾಚಿಕೆಯೂ ಬರುತ್ತದೆ.

ಒಂದು ಸಂಜೆ ಹೀಗೇ ಸಾಕ್ಷಿ ಹೇಳಿ ಬಂದು, ಗಂಡ ಹೆಂಡತಿ ಕೂತು ಬಟಾಣಿ ಸುಲಿಯುತ್ತಿದ್ದೆವು. ದಾನಿಯೇಲ್ ಕಡಿಮೆ ಮಾತಿನವರು. ಕಾಯಿ ಬಿಡಿಸುತ್ತಾ ತಲೆಯೆತ್ತದೆ ಕೇಳಿದರು: "ಅಲ್ಲ ಸುಗುಣಾ, ನೀನು ಕ್ಷಮಿಸಿದ್ದು ಆ ಹುಡುಗಿಗೆ ಗೊತ್ತುಂಟಾ?"

ಸುಮ್ಮನೆ ಕೇಳಿದ್ದು, ಪಾಪ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ದಿನಾ ಬೇಡುತ್ತೇವಲ್ಲ — ಅದರಲ್ಲಿ ಕ್ಷಮಿಸುವ ಭಾಗವನ್ನೇ ಗಟ್ಟಿಯಾಗಿ ಹೇಳುತ್ತಾ ಇನ್ನೊಂದನ್ನು ನುಂಗಿಕೊಂಡು ಬಂದಿದ್ದೆ. ಮತ್ತೆ ಅಲ್ಲೇ, ಬಟಾಣಿ ಸಿಪ್ಪೆಯ ಮುಂದೆ, ಹೊಳೆಯಿತು. ನನ್ನ ಪಾಯಸವನ್ನು ಚಿಕ್ಕಮ್ಮ ದನದ ಬಾನಿಗೆ ಸುರಿದರು. ಅವರ ಬಾಯಿಗೆ ಒಂದು ಚಮಚವಾದರೂ ಹೋಗಿತ್ತು. ಆ ಧಾರವಾಡದ ತಾಯಿಯ ಕರ್ಜಿಕಾಯಿಯನ್ನು ನಾನು ಒಬ್ಬರೂ ಮುಟ್ಟದ ಹಾಗೆ ಮಾಡಿದೆ. ಮೇಲೆ ಅವರಿಗೆ ಕಲ್ಲು ಹೃದಯ ಎಂದು ಹೆಸರೂ ಕೊಡಿಸಿದೆ!

ಗಂಡನಿಗೆ ಎಲ್ಲ ಹೇಳಿದೆ. ಅವರು ಉಳಿದ ಬಟಾಣಿಯನ್ನೆಲ್ಲ ಒಂದೊಂದಾಗಿ ಸುಲಿದು ಮುಗಿಸಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನಾನೇ "ನೋಯ್ಡಾ ದೂರ, ಈ ಚಳಿಯಲ್ಲಿ..." ಎಂದು ಎಳೆದೆ. ಅವರು, "ಜನಕಪುರಿಯಿಂದ ನೋಯ್ಡಾಕ್ಕೆ ಈಗ ನೇರ ಮೆಟ್ರೊ ಬಂದಿದೆ. ಬದಲಿಸುವುದೂ ಬೇಡ" ಎಂದರು. ಈ ಊರಿಗೆ ಮೆಟ್ರೊ ಬಂದಾಗ ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಇದ್ದ ಒಂದು ನೆಪವೂ ಹೋಯಿತು.

ಹೋದೆ. ಬಾಗಿಲು ತೆಗೆದವರು ಅತ್ತೆಯೇ — ಅಂಬಕ್ಕ. ಐದು ವರ್ಷ ಪ್ರಾರ್ಥಿಸಿದ್ದೆವು, ಹೆಸರು ಗೊತ್ತಾದದ್ದು ಅವತ್ತು. "ಬರ್ರಿ ಬರ್ರಿ, ಥಂಡ್ಯಾಗ ಬಂದೀರಿ, ಚಹಾ ಇಡ್ತೀನಿ" ಎಂದು ನನ್ನನ್ನು ಗುರುತಿಲ್ಲದೆಯೇ ಒಳಗೆ ಕೂರಿಸಿದರು. ಎಸ್ತೇರ್ ಹೊರಗೆ ಬಂದು ನನ್ನನ್ನು ನೋಡಿ ಅಲ್ಲೇ ನಿಂತಳು. ನಾನು ಚಹಾ ಮುಟ್ಟುವ ಮೊದಲೇ ಹೇಳಿಬಿಟ್ಟೆ. ಮುಟ್ಟಿದ ಮೇಲೆ ಹೇಳಲು ಬಾಯಿ ಬರುತ್ತಿರಲಿಲ್ಲ.

"ಅಂದ್ರ, ನಾ ಬ್ಯಾಡ ಅಂದೆ ಅಂತ ಹೇಳಿದ್ರಿ?" ಎಂದರು ಅಂಬಕ್ಕ.

"ಹೌದಮ್ಮಾ."

"ನಾ?" ಎದೆಯ ಮೇಲೆ ಕೈಯಿಟ್ಟುಕೊಂಡು ಮತ್ತೆ ಕೇಳಿದರು. "ನಮ್ಮ ಮನ್ಯಾಗ ದೇವರ ಜಗಲಿ ಅದ, ಅದಕ್ಕ ನಿಮ್ಮ ಮಂದಿ ನಮ್ಮ ಹೊಸ್ತಿಲಾ ತುಳಿಯೂದಿಲ್ಲ ಅಂತ ತಿಳಕೊಂಡಿದ್ದೆ ನಾ."

ಪ್ರಾರ್ಥನೆಯ ವಿಷಯವನ್ನೂ ಹೇಳಿದೆ. ಮುಚ್ಚಿಟ್ಟು ಏನು ಮಾಡುವುದು? ಅವರು ಕಣ್ಣು ಅಗಲ ಮಾಡಿ ಕೇಳಿದರು, ಆಮೇಲೆ ನಗತೊಡಗಿದರು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. "ಐದು ವರ್ಷಾ? ತಿಂಗಳಾ ತಿಂಗಳಾ? ಅಯ್ಯ, ನಮ್ಮ ಬಳಗದಾಗ ಒಬ್ರೂ ನನ್ನ ಸಲುವಾಗಿ ಇಷ್ಟು ಮಾಡಿಲ್ಲ ನೋಡ್ರಿ!" ನಾನೂ ಅಳುತ್ತಲೇ ನಕ್ಕೆ. ಆಮೇಲೆ ಅವರ ಮುಖ ಗಂಭೀರವಾಯಿತು. "ನನ್ನ ಕರ್ಜಿಕಾಯಿ ಹೋಗ್ಲಿ ಬಿಡ್ರಿ, ಸೊಸೈಟಿ ಮಂದಿಗೆಲ್ಲಾ ಹಂಚಿದೆ. ಈ ಹುಡುಗಿ ಕೂಸಿನ್ನ ಎತ್ಗೊಂಡು ಗೇಟಿಗೆ ಹೋಗೂದು, ಬರೂದು, ಹೋಗೂದು, ಬರೂದು... ಆವತ್ತಿನಿಂದ ನನ್ನ ಮುಂದ ತನ್ನ ದೇವರ ಸುದ್ದೀನ ತಗೀಲಿಲ್ಲ. ಅದಕ್ಕ ಏನು ಮಾಡ್ತೀರಿ, ಹೇಳ್ರಿ."

 

ಎಸ್ತೇರ್ ಕೇಳಿದ್ದು ಒಂದೇ. "ಯಾಕೆ ಅಕ್ಕಾ?"

"ಆ ಕೇಕು..." ಎಂದೆ.

"ಕೇಕಾ? ಯಾವ ಕೇಕು?"

ಅವಳಿಗೆ ನೆನಪೇ ಇರಲಿಲ್ಲ. ಪಾಯಸದ ಕಥೆ ನನ್ನ ನಾಲಿಗೆಯ ತುದಿಗೆ ಬಂತು — ತಾಯಿಯಿಲ್ಲದವಳು, ನೊಂದವಳು — ಹೇಳಲಿಲ್ಲ. ಅಲ್ಲಿ ಹೇಳಿದ್ದರೆ ಅದು ಅವಳಿಂದ ಕ್ಷಮೆ ಕಿತ್ತುಕೊಳ್ಳುವ ಉಪಾಯವಾಗುತ್ತಿತ್ತು. "ಅದೊಂದು ಕಾರಣವೇ ಅಲ್ಲ. ತಪ್ಪು ನನ್ನದು. ಕ್ಷಮೆ ಕೇಳಲು ಬಂದೆ" ಎಂದಷ್ಟೇ ಹೇಳಿದೆ.

"ಕರುಣಾಕರ ಅಂಕಲ್ ಮಗುವಿಗೆ ಅಂತ ಕಳಿಸಿದ ಫ್ರಾಕ್ ನಾನು ವಾಪಸ್ ಕಳಿಸಿದ್ದೆ" ಎಂದಳು ಎಸ್ತೇರ್. "ಐದು ವರ್ಷ ಎಲ್ಲರನ್ನೂ ದ್ವೇಷ ಮಾಡಿದೆ. ನಿಮ್ಮೊಬ್ಬರನ್ನು ಬಿಟ್ಟು. ನೀವಾದ್ರೂ ನಿಜ ಹೇಳಿದ್ರಲ್ಲ ಅಂತ." ಇದಕ್ಕಿಂತ ನಾಲ್ಕು ಏಟು ಕೊಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಒಳಗೆ ಹೋದಳು. ನಾನು ಹೊರಡುವಾಗಲೂ ಬರಲಿಲ್ಲ.

ಒಂದು ವಾರ ಬಿಟ್ಟು ಫೋನ್ ಬಂತು. "ಅಕ್ಕಾ, ನಿಮ್ಮನ್ನ ಕ್ಷಮಿಸಬೇಕು ಅಂತ ಪ್ರಾರ್ಥನೆ ಮಾಡ್ತಾ ಇದೀನಿ. ಇನ್ನೂ ಆಗಿಲ್ಲ. ಆದಾಗ ಹೇಳ್ತೀನಿ." ಟಕ್ಕೆಂದು ಇಟ್ಟಳು. ಎಂಥ ಹುಡುಗಿ! ನಾನು ಊರೂರು ತಿರುಗಿ ಹೇಳಿದ ಸಾಕ್ಷಿಗಳೆಲ್ಲ ಆ ಮೂರು ಮಾತಿನ ಮುಂದೆ ಏನೂ ಅಲ್ಲ.

ಅದೇ ತಿಂಗಳ ಕೂಟದಲ್ಲಿ ನಾನು ಎದ್ದು ನಿಂತೆ. ಎಲ್ಲರೂ ಇನ್ನೊಂದು ಸಾಕ್ಷಿ ಎಂದು ಕರ್ಚೀಫು ತೆಗೆದರು. ಸಾಕ್ಷಿಯೇ — ಆದರೆ ಮುಚ್ಚಿಟ್ಟ ಅರ್ಧ. ಎಲ್ಲವನ್ನೂ ಹೇಳಿ ಮುಗಿಸಿದೆ. ಕರುಣಾಕರ ಅಂಕಲ್ ತುಂಬಾ ಸಂಕಟದಿಂದ, "ಹಾಗಾದರೆ ಅಷ್ಟು ಪ್ರಾರ್ಥನೆ ಎಲ್ಲಿಗೆ ಹೋಯಿತು?" ಎಂದರು. ನನ್ನ ಗಂಡ, "ಕಲ್ಲು ಹೃದಯ ಇದ್ದಲ್ಲಿಗೇ ಬಂತಲ್ಲ ಅಂಕಲ್. ನಮ್ಮ ಮನೆಗೇ" ಎಂದರು. ಆಗ ಎಲ್ಲರೂ ನಕ್ಕರು. ನನಗೆ ಆ ನಗು ಸುಡಲಿಲ್ಲ. ಕೆಲವರು ಇವತ್ತಿಗೂ ನನ್ನೊಡನೆ ಮೊದಲಿನ ಹಾಗೆ ಮಾತಾಡುವುದಿಲ್ಲ, ಅದೂ ಸರಿಯೇ. ನಾನು ಸಾಕ್ಷಿ ಹೇಳಿದ ಕಡೆಯೆಲ್ಲ ಮತ್ತೆ ಹೋಗಿ ತಿದ್ದಲು ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ರಿಸ್ಮಸ್ಸಿಗೆ ಇನ್ನೇನು ಹತ್ತು ದಿನ ಇದೆ ಎನ್ನುವಾಗ ಫೋನ್. "ಅಕ್ಕಾ, ಆಯ್ತು."

"ಏನಾಯ್ತು ಮಗಾ?"

"ಕ್ಷಮಿಸಿದ್ದು. ಪಾತ್ರೆ ತೊಳೀತಾ ಇದ್ದೆ, ನಿಮ್ಮ ಮುಖ ನೆನಪಾಯ್ತು, ಕೋಪ ಬರಲಿಲ್ಲ. ಈ ಸಲ ಕ್ಯಾರಲ್‌ಗೆ ಬನ್ನಿ. ಅತ್ತೆ ಹಿಟ್ಟು ನಾದೋಕೆ ಶುರು ಮಾಡ್ತಾರಂತೆ."

ನಾನು ಅಡುಗೆಮನೆಯಲ್ಲಿ ಕುಣಿದೆ. ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ, ನಿಜವಾಗಿ ಕುಣಿದೆ.

ಹೋದೆವು, ಎಲ್ಲರೂ. ಅಂಬಕ್ಕ ಒಬ್ಬೊಬ್ಬರ ತಟ್ಟೆಗೂ ಕರ್ಜಿಕಾಯಿ ಹಾಕಿ, ಮುಗಿಸುವ ತನಕ ಎದುರಿಗೇ ನಿಂತು ನೋಡಿದರು. ಗಿರೀಶ ಎಲ್ಲರ ಚಪ್ಪಲಿ ಸರಿಯಾಗಿ ಜೋಡಿಸಿದ. ಮನೆ ತುಂಬ ನಗು, ಗದ್ದಲ. ಆಮೇಲೆ ಹಾಡಿದೆವು — ನನ್ನ ಅಮ್ಮ ನನಗೆ, ಎಸ್ತೇರಳ ಅಮ್ಮ ಅವಳಿಗೆ ಹಾಡಿದ್ದ ಅದೇ ಕನ್ನಡದ ಹಾಡುಗಳು. ಎಸ್ತೇರಳ ಮಗಳು ಅನನ್ಯಾ ಅಮ್ಮನ ಮಡಿಲಲ್ಲಿ ಕೂತು ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಮೆಲ್ಲಗೆ ಅಮ್ಮನ ಕಿವಿಗೆ ಕೇಳಿದಳು:

"ಮಮ್ಮಾ, ಯೇ ಲೋಗ್ ಕ್ಯಾ ಗಾ ರಹೇ ಹೈಂ?"

ನಾವು ಹಾಡುತ್ತಿರುವುದು ಏನೆಂದು ಎಸ್ತೇರ್ ಅವಳಿಗೆ ಹಿಂದಿಯಲ್ಲೇ ಹೇಳಿಕೊಟ್ಟಳು. ಅಜ್ಜಿಯೊಡನೆ ಕನ್ನಡ ಆಡುವ ಮಗುವಾದರೂ ಯಾವತ್ತೂ ಪ್ರಾರ್ಥಿಸುವುದು ಹಿಂದಿಯಲ್ಲೇ; ದೇವರ ಹಾಡಿನ ಕನ್ನಡವನ್ನು ಅವಳು ಕೇಳಿಯೇ ಇರಲಿಲ್ಲ. ಐದು ವರ್ಷದಿಂದ ಅವರು ಹೋಗುವುದು ಹತ್ತಿರದ ಹಿಂದಿ ಆರಾಧನೆಗೆ. ಅಲ್ಲಿ ಅವರಿಗೆ ಚೆನ್ನಾಗಿಯೇ ಇದೆ, ಅಲ್ಲಿಯ ಜನ ಒಳ್ಳೆಯವರು, ಇನ್ನು ಮುಂದೆಯೂ ಅಲ್ಲಿಗೇ ಹೋಗುತ್ತಾರೆ. ಹಿಂದಿಯಲ್ಲಿ ಹೇಳಿದರೆ ದೇವರಿಗೆ ಕೇಳಿಸುವುದಿಲ್ಲವೇ? ಕೇಳಿಸುತ್ತದೆ. ಆದರೂ — ತಿಂಗಳಿಗೊಮ್ಮೆ ನಮ್ಮ ನಡುವೆ ಚಾಪೆಯ ಮೇಲೆ ಉರುಳಾಡುತ್ತಾ ಈ ಹಾಡುಗಳನ್ನು ಕಲಿಯಬೇಕಾಗಿದ್ದ ಮಗು ಅದು. ಕಲಿಯದ ಹಾಗೆ ಮಾಡಿದವಳು ನಾನು. ಅವಳಮ್ಮ ಕ್ಷಮಿಸಿದಳು, ಅಜ್ಜಿ ಕ್ಷಮಿಸಿದರು, ದೇವರೂ ಕ್ಷಮಿಸಿದನೆಂದು ನಂಬಿದ್ದೇನೆ. ಆ ಐದು ವರ್ಷವನ್ನು ಮಾತ್ರ ಯಾರೂ ಮಗುವಿನ ಕೈಗೆ ತಿರುಗಿ ಕೊಡಲಾರರು.

ಹೊರಡುವಾಗ ಎಸ್ತೇರಳನ್ನು ಬಾಗಿಲ ಬಳಿ ಕೇಳಿದೆ: "ಶನಿವಾರ ಬಂದು ಇವಳಿಗೆ ಒಂದೆರಡು ಹಾಡು ಹೇಳಿಕೊಡಲಾ? ಸುಮ್ಮನೆ, ಆಟ ಆಡುತ್ತಾ..."

ಅವಳು ನನ್ನ ಕೈ ಹಿಡಿದುಕೊಂಡಳು. ಪ್ರೀತಿಯಿಂದಲೇ ಹಿಡಿದಳು. "ನೋಡೋಣ ಅಕ್ಕಾ" ಎಂದಳು.

ಸರಿ, ನೋಡೋಣ. ಒತ್ತಾಯ ಮಾಡುವ ಹಕ್ಕು ನನಗಿಲ್ಲ. ಅವಳು ಬಾ ಎನ್ನುವ ದಿನ ಹೋಗುತ್ತೇನೆ, ಅಲ್ಲಿಯವರೆಗೆ ಕಾಯುತ್ತೇನೆ.